ಪರಿಷತ್ತು ನಡೆಸಿದವರು ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು?

ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ಕಾರವಾರಕ್ಕೆ ಎರಡು ಸಲ ಬಂದಿದೆ. ಮೊದಲ ಸಲ 1931ರಲ್ಲಿ, ಮುಳಿಯ ತಿಮ್ಮಪ್ಪಯ್ಯನವರ ಅಧ್ಯಕ್ಷತೆಯಲ್ಲಿ. ಎರಡನೇ ಸಲ 1965ರಲ್ಲಿ, ಕಡೆಂಗೋಡ್ಲು ಶಂಕರಭಟ್ಟರ ಅಧ್ಯಕ್ಷತೆಯಲ್ಲಿ. ನಡುವೆ 1954ರಲ್ಲಿ ಕುಮಟೆಯಲ್ಲೊಂದು ಆಗಿದೆ, ಅದಕ್ಕೆ ವಿ. ಸೀತಾರಾಮಯ್ಯನವರು. ನೋಡಿದರೆ ಮೂವರೂ ಪಾಠ ಹೇಳಿದವರೇ. ಮುಳಿಯರು ಕನ್ನಡ ಪಂಡಿತರು. ಕಡೆಂಗೋಡ್ಲು ಕಾಲೇಜಿನಲ್ಲಿ ಪಾಠವನ್ನೂ ಮಾಡಿದರು, 'ರಾಷ್ಟ್ರಬಂಧು' ಪತ್ರಿಕೆಯನ್ನೂ ನಡೆಸಿದರು. ವಿ.ಸೀ. ಓದಿದ್ದು ಅರ್ಥಶಾಸ್ತ್ರದ ಎಂ.ಎ., ಕಲಿಸಿದ್ದು ಕನ್ನಡ!

ಇರಲಿ. ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡವರು ಮೇಷ್ಟ್ರುಗಳು. ಆದರೆ ಆ ವೇದಿಕೆ ಹಾಕಿಸಿದ್ದು ಬೆಂಗಳೂರಿನ ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು. ಸಮ್ಮೇಳನದ ಅಧ್ಯಕ್ಷರು ಬೇರೆ, ಪರಿಷತ್ತಿನ ಅಧ್ಯಕ್ಷರು ಬೇರೆ. ಮೊದಲಿನವರದ್ದು ಕೆಲವು ದಿನದ ಗೌರವ. ಎರಡನೆಯವರದ್ದು ಲೆಕ್ಕಪತ್ರ, ಸಭೆ, ಜಗಳ, ಅನುದಾನ ಎಲ್ಲ ಸೇರಿದ ಕೆಲಸ. ಸಮ್ಮೇಳನಾಧ್ಯಕ್ಷರ ಪಟ್ಟಿಯನ್ನು ಶಾಲೆಯ ಕ್ವಿಜ್‌ಗೆ ಅಂತ ಬಾಯಿಪಾಠ ಮಾಡಿದವರು ನಮ್ಮಲ್ಲಿ ತುಂಬ ಜನ ಇದ್ದಾರೆ. ಪರಿಷತ್ತನ್ನು ನಡೆಸಿದವರು ಯಾರು, ಅವರು ಸಂಬಳಕ್ಕೆ ಎಲ್ಲಿ ದುಡಿಯುತ್ತಿದ್ದರು ಅಂತ ಕೇಳಿದವರು ಕಡಿಮೆ. ನನಗೆ ಕುತೂಹಲ ಇರುವುದು ಈ ಎರಡನೇ ಪಟ್ಟಿಯ ಬಗ್ಗೆ.

ಪರಿಷತ್ತು ಹುಟ್ಟಿದ ರೀತಿಯೇ ಮಜವಾಗಿದೆ. ಕವಿಗಳೆಲ್ಲ ಒಂದು ಕಡೆ ಸೇರಿ 'ನಮಗೊಂದು ಸಂಘ ಬೇಕು' ಅಂದಿದ್ದರಿಂದ ಹುಟ್ಟಿದ್ದಲ್ಲ ಅದು. 1911ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸಂಪದಭ್ಯುದಯ ಸಮಾಜ ಅಂತ ಒಂದು ಶುರುವಾಯಿತು. ಇಂಗ್ಲಿಷಿನಲ್ಲಿ ಮೈಸೂರು ಎಕನಾಮಿಕ್ ಕಾನ್ಫರೆನ್ಸ್. ಬೇಸಾಯ ಸುಧಾರಿಸಬೇಕು, ಕೈಗಾರಿಕೆ ಬರಬೇಕು, ವಿದ್ಯಾಭ್ಯಾಸ ಹರಡಬೇಕು ಅಂತ ಚರ್ಚೆ ಮಾಡುವ ಜಾಗ. ಅದರ ಹಿಂದಿದ್ದವರು ಆಗ ಚೀಫ್ ಇಂಜಿನಿಯರ್ ಆಗಿದ್ದು 1912ರಲ್ಲಿ ದಿವಾನರಾದ ವಿಶ್ವೇಶ್ವರಯ್ಯ. ವಿದ್ಯಾಭ್ಯಾಸ ಹರಡಬೇಕಾದರೆ ಕನ್ನಡದಲ್ಲಿ ಪುಸ್ತಕ ಬೇಕು, ಪುಸ್ತಕ ಬೇಕಾದರೆ ಪರಿಭಾಷೆ ಬೇಕು, ನಾಲ್ಕೈದು ಸರ್ಕಾರಗಳಲ್ಲಿ ಹಂಚಿಹೋದ ಕನ್ನಡಕ್ಕೆ ಒಂದು ಒಪ್ಪಿತ ರೂಪ ಬೇಕು... ಹೀಗೆ ಎಳೆಯುತ್ತಾ ಹೋದ ದಾರದ ತುದಿಯಲ್ಲಿ ಸಿಕ್ಕಿದ್ದು ಸಾಹಿತ್ಯ ಪರಿಷತ್ತು. ಅಂದರೆ ಅಣೆಕಟ್ಟು, ರೇಷ್ಮೆ, ಬ್ಯಾಂಕು ಇವುಗಳ ಜೊತೆಗೇ ಅದೇ ಮೇಜಿನ ಮೇಲೆ ಭಾಷೆಯ ಫೈಲೂ ಇತ್ತು. 1915ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಸಭೆ ಸೇರಿ ಸ್ಥಾಪನೆಯಾಯಿತು. ಆಗ ಅದರ ಹೆಸರು ಕರ್ಣಾಟಕ ಸಾಹಿತ್ಯ ಪರಿಷತ್ತು. 'ಕನ್ನಡ' ಅಂತ ಆದದ್ದು 1938ರಲ್ಲಿ.

ಮೊದಲ ಅಧ್ಯಕ್ಷರು ಎಚ್.ವಿ. ನಂಜುಂಡಯ್ಯ. ವೃತ್ತಿಯಿಂದ ಇವರು ಕಾನೂನಿನವರು, ಮೈಸೂರಿನ ಚೀಫ್ ಕೋರ್ಟಿನ ನ್ಯಾಯಾಧೀಶರು, ದಿವಾನರ ಕೌನ್ಸಿಲಿನ ಸದಸ್ಯರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಶುರುವಾದಾಗ ಅದಕ್ಕೂ ಇವರೇ ಮೊದಲ ಕುಲಪತಿ. ಕಾನೂನು, ಅರ್ಥಶಾಸ್ತ್ರದ ಬಗ್ಗೆ ಕನ್ನಡದಲ್ಲಿ ಬರೆದಿದ್ದಾರೆ. ಮೈಸೂರಿನ ಜಾತಿ, ಬುಡಕಟ್ಟುಗಳ ಬಗೆಗಿನ ದೊಡ್ಡ ಇಂಗ್ಲಿಷ್ ಸಂಪುಟಗಳು ಇವರ ಕೆಲಸದ ಮೇಲೆ ನಿಂತಿವೆ. ಕವಿತೆ, ಕತೆಯ ಹೆಸರಿನಲ್ಲಿ ಇವರನ್ನು ನೆನೆಯುವವರು ಯಾರೂ ಇಲ್ಲ. 1920ರಲ್ಲಿ ತೀರಿಕೊಳ್ಳುವ ತನಕ ಪರಿಷತ್ತಿನ ಅಧ್ಯಕ್ಷರಾಗಿದ್ದರು. ಮೊದಲ ಸಮ್ಮೇಳನಗಳ ಅಧ್ಯಕ್ಷತೆಯೂ ಅವರದ್ದೇ.

ನನಗನ್ನಿಸುವುದು, ಒಬ್ಬ ನ್ಯಾಯಾಧೀಶ ಮೊದಲು ಕೂತದ್ದರಿಂದಲೇ ಪರಿಷತ್ತು ಉಳಿದುಕೊಂಡಿತು. ಕವಿಗಳು ಕಟ್ಟಿದ ಸಂಘಗಳು ಸಾಮಾನ್ಯವಾಗಿ ಎರಡನೇ ವರ್ಷ ಮುನಿಸಿಕೊಂಡು ಒಡೆಯುತ್ತವೆ (ನಮ್ಮೂರ ಯುವಕ ಸಂಘಗಳ ಹಾಗೆ). ಕೋರ್ಟು ನೋಡಿದವರಿಗೆ ಗೊತ್ತಿರುತ್ತದೆ: ಮೊದಲು ನಿಯಮಾವಳಿ ಬರೆಯಬೇಕು, ಯಾರಿಗೆ ಮತ ಇದೆ ಯಾರಿಗಿಲ್ಲ ಅಂತ ತೀರ್ಮಾನ ಆಗಬೇಕು, ಸಭೆಯ ನಡಾವಳಿ ಬರೆದಿಡಬೇಕು. ಜಗಳ ಆಗಲಿ, ತೊಂದರೆ ಇಲ್ಲ. ಎಲ್ಲಿ ಆಗಬೇಕು ಅನ್ನುವುದಕ್ಕೆ ಒಂದು ಜಾಗ ಇದ್ದರೆ ಸಾಕು.

ಜೊತೆಗೆ ಕರ್ಪೂರ ಶ್ರೀನಿವಾಸರಾಯರು. ಇವರ ಬಗ್ಗೆ ಬರೆಯುವಾಗ ನನಗೆ ಸ್ವಲ್ಪ ಖುಷಿ ಜಾಸ್ತಿ, ಯಾಕಂದ್ರೆ ಇವರು ಇಂಜಿನಿಯರ್! ಮೈಸೂರು ಸರ್ಕಾರದ ಲೋಕೋಪಯೋಗಿ ಇಲಾಖೆಯವರು. ಶುರುವಿನಿಂದ ಪರಿಷತ್ತಿನ ಜೊತೆ ಇದ್ದವರು, ಮುಂದೆ ಅದರ ಉಪಾಧ್ಯಕ್ಷರು. 1919ರ ಹಾಸನ ಸಮ್ಮೇಳನಕ್ಕೆ ಇವರೇ ಅಧ್ಯಕ್ಷರು. ಇವತ್ತು ಒಬ್ಬ ಪಿಡಬ್ಲ್ಯುಡಿ ಇಂಜಿನಿಯರನ್ನು ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷ ಮಾಡಿ ನೋಡಿ, ಪೇಪರಿನಲ್ಲಿ ಏನೇನು ಬರುತ್ತೆ ಅಂತ! ಚಾಮರಾಜಪೇಟೆಯಲ್ಲಿರುವ ಪರಿಷತ್ತಿನ ಸ್ವಂತ ಕಟ್ಟಡ, ಶ್ರೀಕೃಷ್ಣರಾಜ ಪರಿಷನ್ಮಂದಿರ, ತೆರೆದದ್ದು 1933ರಲ್ಲಿ. ಸಾಹಿತ್ಯದ ಸಂಸ್ಥೆಯೊಂದಕ್ಕೆ ಹದಿನೆಂಟನೇ ವರ್ಷಕ್ಕೇ ಸ್ವಂತ ಕಲ್ಲಿನ ಮನೆ. ಎಸ್ಟಿಮೇಟ್ ಓದಲು ಬರುವ ಮನುಷ್ಯ ಒಳಗೇ ಇದ್ದದ್ದು ಇದರಲ್ಲಿ ಸಣ್ಣ ವಿಷಯವಲ್ಲ.

ನಂಜುಂಡಯ್ಯನವರ ನಂತರ 1920ರಿಂದ 23ರ ತನಕ ಎಂ. ಕಾಂತರಾಜ ಅರಸು. ಇವರು ಆಗ ದಿವಾನರೇ! ಆಮೇಲೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು. ಇಲ್ಲಿಂದ ಮುಂದೆ ಅಧ್ಯಕ್ಷಗಿರಿ ಅರಮನೆಗೆ ಹೋಯಿತು, ದಿನನಿತ್ಯದ ಗಾಡಿ ಎಳೆದವರು ಉಪಾಧ್ಯಕ್ಷರು. ಆದ್ದರಿಂದ ಆ ಕಾಲದ ಪರಿಷತ್ತನ್ನು ತಿಳಿಯಬೇಕಾದರೆ ನೋಡಬೇಕಾದ್ದು ಉಪಾಧ್ಯಕ್ಷರನ್ನು. 1933ರಿಂದ 37ರ ತನಕ ಡಿ.ವಿ. ಗುಂಡಪ್ಪ, ಪತ್ರಕರ್ತರು. ಅವರು ತಂದದ್ದು ವಸಂತ ಸಾಹಿತ್ಯೋತ್ಸವ. ಜನರನ್ನು ಸೇರಿಸುವುದು, ಅವರ ಮುಂದೆ ಮಾತಾಡುವುದು, ಅದು ಸುದ್ದಿಯಾಗುವುದು. 1938ರಿಂದ 42ರ ತನಕ ಬಿ.ಎಂ. ಶ್ರೀಕಂಠಯ್ಯ, ಇಂಗ್ಲಿಷ್ ಪ್ರೊಫೆಸರು. ಅವರು ತಂದದ್ದು ಪರೀಕ್ಷೆಗಳು! ಕಾವ, ಜಾಣ ಪರೀಕ್ಷೆಗಳು ಶುರುವಾದದ್ದು ಅವರಿಂದ. ಮಹಿಳಾ ಶಾಖೆ, 'ಕನ್ನಡ ನುಡಿ' ಪತ್ರಿಕೆ ಕೂಡ ಅವರ ಕಾಲದ್ದೇ. ಪತ್ರಕರ್ತ ಬಂದರೆ ಉತ್ಸವ, ಪ್ರೊಫೆಸರ್ ಬಂದರೆ ಪರೀಕ್ಷೆ. ಮನುಷ್ಯ ಆಫೀಸು ಬಿಟ್ಟು ಬಂದರೂ ಆಫೀಸು ಅವನನ್ನು ಬಿಡುವುದಿಲ್ಲ ನೋಡಿ.

ಇದು ಮೈಸೂರು ಸೀಮೆಯ ಕತೆ ಆಯ್ತು. ನಮ್ಮ ಕಡೆ ಬರೋಣ. 1931ರ ಕಾರವಾರ ಮೈಸೂರಿನದ್ದಲ್ಲ, ಮುಂಬಯಿ ಪ್ರಾಂತದ್ದು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿಗೆ ಸೇರಿಸಿದ್ದರು. ಇಲ್ಲಿ ದಿವಾನರೂ ಇಲ್ಲ, ಯುವರಾಜರೂ ಇಲ್ಲ. ಜಿಲ್ಲಾ ನ್ಯಾಯಾಧೀಶರು ಇದ್ದರು, ನಿಜ. 1880ರ ದಶಕದ ಮೊದಲಲ್ಲಿ ಸತ್ಯೇಂದ್ರನಾಥ ಟಾಗೋರ್ ಇಲ್ಲಿ ಜಡ್ಜ್ ಆಗಿದ್ದರು, ತಮ್ಮ ರವೀಂದ್ರ ಬಂದು ಅಣ್ಣನ ಮನೆಯಲ್ಲಿ ಉಳಿದು ನಮ್ಮ ಸಮುದ್ರ ನೋಡಿ 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದರು. ಆದರೆ ಅದು ಬಂಗಾಳಿ. ಇಲ್ಲಿಗೆ ವರ್ಗವಾಗಿ ಬರುವ ಸಾಹೇಬರಿಗೆ ಕನ್ನಡ ಕಟ್ಟುವ ಹಂಗಿರಲಿಲ್ಲ. ಪೇಟೆಯ ಮಾತು ಕೊಂಕಣಿ, ಮೇಲಿನ ಆಡಳಿತದಲ್ಲಿ ಮರಾಠಿಯ ಜೋರು.

ಹಾಗಾಗಿ ಮುಂಬಯಿ ಕರ್ನಾಟಕದಲ್ಲಿ ಕನ್ನಡದ ಕೆಲಸ ಬಿದ್ದದ್ದು ವಕೀಲರ ಮತ್ತು ಮೇಷ್ಟ್ರುಗಳ ತಲೆಯ ಮೇಲೆ. ಧಾರವಾಡದ ಆಲೂರು ವೆಂಕಟರಾಯರು ವಕೀಲರು, ಕೊನೆಗೆ ವಕೀಲಿ ಬಿಟ್ಟೇಬಿಟ್ಟರು. ವಿಜಾಪುರದ ಫ.ಗು. ಹಳಕಟ್ಟಿ ಕೂಡ ವಕೀಲರು; ವಚನಗಳಿಗಾಗಿ ಹಿತಚಿಂತಕ ಮುದ್ರಣಾಲಯ ಹಾಕಿದರು, 'ಶಿವಾನುಭವ' ತಂದರು. ಮೈಸೂರಿನ ನ್ಯಾಯಾಧೀಶರು ಸರ್ಕಾರದ ಕಡೆಯಿಂದ ಕನ್ನಡಕ್ಕೆ ಬಂದರು. ಇಲ್ಲಿಯ ವಕೀಲರು ಸರ್ಕಾರಕ್ಕೆ ಅರ್ಜಿ ಹಾಕುತ್ತಾ ಕನ್ನಡಕ್ಕೆ ಬಂದರು. ಎರಡೂ ಕಾನೂನೇ, ಆದರೆ ಮೇಜಿನ ಆ ಕಡೆ ಈ ಕಡೆ.

1931 ಅಂದರೆ ಎಂಥ ಕಾಲ ಅದು! ಹಿಂದಿನ ವರ್ಷದ ಏಪ್ರಿಲ್‌ನಲ್ಲಷ್ಟೇ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆಗಿತ್ತು. ಅಂಕೋಲೆ, ಸಿದ್ದಾಪುರದ ರೈತರು ಕರ ಕೊಡುವುದಿಲ್ಲ ಅಂತ ಹಟ ಹಿಡಿದು ಹೊಲಮನೆ ಜಪ್ತಿ ಮಾಡಿಸಿಕೊಂಡ ಕಾಲ. ಅಂಥ ಜಿಲ್ಲೆಗೆ ಸರ್ಕಾರಿ ನೌಕರರೇ ತುಂಬಿದ್ದ ಒಂದು ಸಂಸ್ಥೆಯ ಸಮ್ಮೇಳನ ಬಂತು. ಪಂಪನ ಬಗ್ಗೆ 'ನಾಡೋಜ ಪಂಪ' ಬರೆದ ಪಂಡಿತರು ಅಧ್ಯಕ್ಷರು. ಇದನ್ನು ಪರಿಷತ್ತಿನ ಹೇಡಿತನ ಅಂತ ಹೇಳುವವರಿದ್ದರೆ ನಾನು ಒಪ್ಪುವುದಿಲ್ಲ. ಸಂಬಳದ ಮನುಷ್ಯ ಕಟ್ಟಿದ ಸಂಸ್ಥೆ ಬೀದಿಗೆ ಇಳಿಯುವುದಿಲ್ಲ, ಹಾಗೆಯೇ ಪೊಲೀಸರು ಬೀಗ ಹಾಕುವ ಸ್ಥಿತಿಗೂ ಹೋಗುವುದಿಲ್ಲ. ಅದರ ಬಲವೂ ಅದೇ, ಮಿತಿಯೂ ಅದೇ. ಕಾರವಾರದಂಥ ಅಂಚಿನ ಊರಿಗೆ ಸಮ್ಮೇಳನವನ್ನು ತಂದದ್ದೇ ಆ ದಿನಕ್ಕೆ ಒಂದು ಮಾತು: ಇದೂ ಕನ್ನಡದ ಊರು ಅಂತ.

ಆ ಮಾತಿಗೆ ಎಷ್ಟು ತೂಕ ಇತ್ತು ಅಂತ ಗೊತ್ತಾದದ್ದು 1965ರ ಹೊತ್ತಿಗೆ. ರಾಜ್ಯ ಒಂದಾಗಿ ಒಂಬತ್ತು ವರ್ಷ ಆಗಿತ್ತು, ಮಹಾರಾಷ್ಟ್ರ ಬೆಳಗಾವಿಯ ಜೊತೆ ಕಾರವಾರವನ್ನೂ ಕೇಳುತ್ತಿತ್ತು. ಮರುವರ್ಷವೇ ಮಹಾಜನ ಆಯೋಗದ ನೇಮಕ, 1967ರಲ್ಲಿ ವರದಿ. ಕಾರವಾರ ಇಲ್ಲೇ ಉಳಿಯಿತು. 1965ರಲ್ಲಿ ಪರಿಷತ್ತಿನ ಅಧ್ಯಕ್ಷರಾಗಿದ್ದವರು ಜಿ. ವೆಂಕಟಸುಬ್ಬಯ್ಯ, ಕಾಲೇಜಿನ ಕನ್ನಡ ಮೇಷ್ಟ್ರು, ನಿಘಂಟು ಮಾಡುವವರು. ಈ ಹೊತ್ತಿಗೆ ನ್ಯಾಯಾಧೀಶರೂ ದಿವಾನರೂ ಪರಿಷತ್ತಿನಿಂದ ಹೋಗಿ, ಸಂಸ್ಥೆ ಪಾಠ ಹೇಳುವವರ ಕೈಗೆ ಬಂದಿತ್ತು.

ಮುಂದಿನದ್ದನ್ನು ಬೇಗ ಹೇಳಿಬಿಡುತ್ತೇನೆ. 1969ರಲ್ಲಿ ಬಂದ ಜಿ. ನಾರಾಯಣ ಬೆಂಗಳೂರಿನ ಮೇಯರ್ ಆಗಿದ್ದವರು. ಆಮೇಲೆ ಹಂಪ ನಾಗರಾಜಯ್ಯ, ಚಂದ್ರಶೇಖರ ಪಾಟೀಲ, ಹೀಗೆ ಪ್ರಾಧ್ಯಾಪಕರು. 2016ರಲ್ಲಿ ಮನು ಬಳಿಗಾರ್, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವರು. 2021ರಲ್ಲಿ ಮಹೇಶ ಜೋಶಿ, ದೂರದರ್ಶನದ ಅಧಿಕಾರಿಯಾಗಿದ್ದವರು. ಶತಮಾನ ದಾಟಿದ ಮೇಲೆ ಮತ್ತೆ ಅಧಿಕಾರಿಗಳು! ಆದರೆ ಒಂದು ವ್ಯತ್ಯಾಸ ಇದೆ. ನಂಜುಂಡಯ್ಯನವರನ್ನು ಯಾರೂ ಜಿಲ್ಲೆ ಜಿಲ್ಲೆ ಸುತ್ತಿ ಮತ ಕೇಳಿ ಅಂತ ಕಳಿಸಿರಲಿಲ್ಲ. ಈಗ ಲಕ್ಷಗಟ್ಟಲೆ ಸದಸ್ಯರು, ವಿಧಾನಸಭೆಯ ಥರದ್ದೇ ಚುನಾವಣೆ. ರಾಜ್ಯ ಸುತ್ತುವುದಕ್ಕೆ ಬಿಡುವು, ಪರಿಚಯ ಎರಡೂ ಇರುವುದು ನಿವೃತ್ತರಿಗೆ ಮತ್ತು ಪಾಠ ಹೇಳಿದವರಿಗೆ. ಶಿಫ್ಟಿನಲ್ಲಿ ದುಡಿಯುವವನಿಗೆ ಇದು ಆಗದ ಮಾತು. 1915ರಿಂದ 2021ರವರೆಗೆ ಅಧ್ಯಕ್ಷರಾದವರಲ್ಲಿ ಒಬ್ಬ ಮಹಿಳೆಯೂ ಇಲ್ಲ. ಸಮ್ಮೇಳನದ ವೇದಿಕೆಗಾದರೂ ಜಯದೇವಿತಾಯಿ ಲಿಗಾಡೆ, ಶಾಂತಾದೇವಿ ಮಾಳವಾಡ, ಕಮಲಾ ಹಂಪನಾ, ಗೀತಾ ನಾಗಭೂಷಣ ಅಧ್ಯಕ್ಷರಾಗಿ ಬಂದರು. ಲೆಕ್ಕಪತ್ರದ ಕುರ್ಚಿಗೆ ಯಾರೂ ಬರಲಿಲ್ಲ.

ಇನ್ನು ನಮ್ಮ ಜಿಲ್ಲೆಯವರ ಕೆಲಸಗಳನ್ನು ನೋಡಿ, ಎಷ್ಟು ಬೇರೆ! ಹನೇಹಳ್ಳಿಯ ಯಶವಂತ ಚಿತ್ತಾಲರು ಪ್ಲಾಸ್ಟಿಕ್, ರಾಳಗಳ ತಂತ್ರಜ್ಞರು, ಮುಂಬಯಿಯಲ್ಲಿ ಬೇಕಲೈಟ್ ಹೈಲಂ ಕಂಪನಿಯಲ್ಲಿದ್ದರು. 'ಶಿಕಾರಿ'ಯ ನಾಗಪ್ಪನನ್ನು ಹಿಂಸಿಸುವ ಆ ಆಫೀಸು ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಿಲ್ಲ. ಅಣ್ಣ ಗಂಗಾಧರ ಚಿತ್ತಾಲರು ಕವಿ, ಕೇಂದ್ರ ಸರ್ಕಾರದ ಲೆಕ್ಕಪರಿಶೋಧನೆ ಸೇವೆಯವರು. ಗೋಕರ್ಣದ ಜಯಂತ ಕಾಯ್ಕಿಣಿ ಓದಿದ್ದು ಜೀವರಸಾಯನಶಾಸ್ತ್ರ, ಮುಂಬಯಿಯಲ್ಲಿ ಕೆಮಿಸ್ಟ್ ಆಗಿದ್ದರು. ಊರಲ್ಲೇ ಉಳಿದ ಗೌರೀಶ ಕಾಯ್ಕಿಣಿ, ಸು.ರಂ. ಎಕ್ಕುಂಡಿ ಶಾಲಾ ಮೇಷ್ಟ್ರುಗಳು. ಒಬ್ಬ ಆಡಿಟರ್, ಒಬ್ಬ ಪಾಲಿಮರ್ ತಜ್ಞ, ಒಬ್ಬ ಕೆಮಿಸ್ಟ್... ಒಂದು ಸಂಸ್ಥೆಯ ಕಾರ್ಯಕಾರಿ ಸಮಿತಿಗೆ ಇದಕ್ಕಿಂತ ಒಳ್ಳೆ ಟೀಮ್ ಬೇಕಾ? ಆದರೆ ಇವರಲ್ಲಿ ಯಾರೂ ಪರಿಷತ್ತಿನ ಅಧ್ಯಕ್ಷರ ಕುರ್ಚಿಯಲ್ಲಿ ಕೂರಲಿಲ್ಲ. ಚಾಮರಾಜಪೇಟೆಗೆ ಹೋಗುವ ಬಸ್ಸಿಗಿಂತ ಮುಂಬಯಿಗೆ ಹೋಗುವ ಹಡಗು ಹತ್ತಿರವಾಗಿದ್ದ ಜಿಲ್ಲೆ ನಮ್ಮದು. ಮುಂಬಯಿಯಲ್ಲಿ 1933ರಲ್ಲಿ ಹುಟ್ಟಿದ ಕರ್ನಾಟಕ ಸಂಘದ ಸಭಾಗೃಹಕ್ಕೂ ವಿಶ್ವೇಶ್ವರಯ್ಯನವರದ್ದೇ ಹೆಸರು, ಅದೊಂದು ತಮಾಷೆ.

ದಿನಕರ ದೇಸಾಯಿಯವರು ಇನ್ನೂ ಬೇರೆ ದಾರಿ ಹಿಡಿದರು. 1909ರಲ್ಲಿ ಅಂಕೋಲೆ ತಾಲೂಕಿನಲ್ಲಿ ಹುಟ್ಟಿದವರು. ಎಂ.ಎ., ಎಲ್‌ಎಲ್‌.ಬಿ. ಮಾಡಿಯೂ ಕೋರ್ಟಿಗೆ ಹೋಗದೆ ಗೋಖಲೆಯವರ ಭಾರತ ಸೇವಕ ಸಮಾಜ ಸೇರಿದರು, ಮುಂಬಯಿಯಲ್ಲಿ ಹಡಗು ಕಾರ್ಮಿಕರ ಯೂನಿಯನ್ ನಡೆಸಿದರು. ಇಲ್ಲಿ ರೈತರನ್ನು ಸಂಘಟಿಸಿದ್ದಕ್ಕೆ 1940ರಲ್ಲಿ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಚುಟುಕ ಬರೆದದ್ದು ಇದೆಲ್ಲದರ ನಡುವೆ. ಪರಿಷತ್ತಿನ ಸಭೆಗಳಿಗಾಗಿ ಕಾಯದೆ 1953ರಲ್ಲಿ ತಮ್ಮದೇ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿದರು. ಯೂನಿಯನ್ ನಡೆಸಿದವನಿಗೆ ನಾಲ್ಕಾಣೆ ನಾಲ್ಕಾಣೆ ಕೂಡಿಸುವುದು ಗೊತ್ತಿರುತ್ತದೆ, ಯಾರ ಮಕ್ಕಳಿಗೆ ಶಾಲೆ ಇಲ್ಲ ಅಂತಲೂ ಗೊತ್ತಿರುತ್ತದೆ. ಟ್ರಸ್ಟಿನಿಂದ ಜಿಲ್ಲೆಯ ಹಳ್ಳಿಗಳಲ್ಲಿ ಒಂದರ ಹಿಂದೊಂದು ಹೈಸ್ಕೂಲುಗಳು ಬಂದವು. ಕಾರವಾರದ ಎರಡನೇ ಸಮ್ಮೇಳನ ಮುಗಿದು ಚಪ್ಪರ ಬಿಚ್ಚಿದ ಮರುವರ್ಷ, 1966ರಲ್ಲಿ, ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಶುರುವಾಯಿತು.