ವಿಷಯಾಧಾರಿತ ಕೇಬಲ್ ವಾಹಿನಿಗಳು: ಅಮೆರಿಕದಲ್ಲಿ ಇಳಿಗಾಲ

ಹವಾಮಾನ, ಅಡುಗೆ, ಇತಿಹಾಸ, ಸಂಗೀತ, ನ್ಯಾಯಾಲಯದ ಕಲಾಪ ಹೀಗೆ ಒಂದೇ ವಿಷಯವನ್ನು ಹಿಡಿದು ದಿನವಿಡೀ ಪ್ರಸಾರ ಮಾಡುವ ಕೇಬಲ್ ವಾಹಿನಿಗಳು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1970ರ ದಶಕದ ಕೊನೆಯಿಂದ ಬೆಳೆದು, 2013ರ ಆಸುಪಾಸಿನಿಂದ ಕುಗ್ಗುತ್ತ ಬಂದಿವೆ. ಈ ಇಳಿಗಾಲದ ಬಗೆಗಿನ ಬರಹಗಳಲ್ಲಿ ಮೂರು ಸಂಗತಿಗಳು ಕಲಸಿಹೋಗಿವೆ: ವಾಹಿನಿ ತನ್ನ ವಿಷಯವನ್ನು ಕೈಬಿಟ್ಟದ್ದು, ಚಂದಾದಾರರು ಕೇಬಲನ್ನೇ ಕೈಬಿಟ್ಟದ್ದು, ಒಡೆಯರು ವಾಹಿನಿಯನ್ನು ಮುಚ್ಚಿದ್ದು. ನೆಟ್‌ಫ್ಲಿಕ್ಸ್ ಬಂತು, ಕೇಬಲ್ ಸೋತಿತು ಎಂಬ ಪ್ರಚಲಿತ ವಿವರಣೆ ಎರಡನೆಯದಕ್ಕೆ ಚೆನ್ನಾಗಿಯೇ ಹೊಂದುತ್ತದೆ, ಮೂರನೆಯದಕ್ಕೆ ಅರೆಬರೆ. ಮೊದಲನೆಯದು ಮಾತ್ರ ನೆಟ್‌ಫ್ಲಿಕ್ಸ್ 2007ರಲ್ಲಿ ಅಂತರಜಾಲ ಪ್ರಸಾರ ಶುರುಮಾಡುವ ಎಷ್ಟೋ ಮೊದಲೇ ಆರಂಭವಾಗಿತ್ತು.

ಹುಟ್ಟಿನ ಕಥೆ ಎಲ್ಲರಿಗೂ ಗೊತ್ತಿರುವಂಥದು: 1979ರಲ್ಲಿ ನಿಕೆಲೋಡಿಯನ್ ಮತ್ತು ಇಎಸ್‌ಪಿಎನ್, 1980ರಲ್ಲಿ ಸಿಎನ್ಎನ್, 1981ರಲ್ಲಿ ಎಂಟಿವಿ, 1982ರಲ್ಲಿ ವೆದರ್ ಚಾನೆಲ್, 1985ರಲ್ಲಿ ಡಿಸ್ಕವರಿ, 1995ರಲ್ಲಿ ಹಿಸ್ಟರಿ ಚಾನೆಲ್. ಆದರೆ ಆರಂಭದ ವರ್ಷಗಳಲ್ಲೇ ಸತ್ತ ವಾಹಿನಿಗಳು ಇತಿಹಾಸಕಾರರ ಗಮನಕ್ಕೆ ಅಷ್ಟಾಗಿ ಬಿದ್ದಿಲ್ಲ. ಸಂಗೀತ, ನೃತ್ಯ, ನಾಟಕಗಳಿಗೆಂದು 1981ರ ಅಕ್ಟೋಬರಿನಲ್ಲಿ ಆರಂಭವಾದ ಸಿಬಿಎಸ್ ಕೇಬಲ್ ಸುಮಾರು 3 ಕೋಟಿ ಡಾಲರ್ ನಷ್ಟ ಹೊತ್ತು ಮರುವರ್ಷದ ಡಿಸೆಂಬರಿನಲ್ಲೇ ಬಾಗಿಲು ಮುಚ್ಚಿತು. ಅದೇ ಕಾಲದ ಆರ್ಟ್ಸ್ ಮತ್ತು ಎಂಟರ್‌ಟೈನ್‌ಮೆಂಟ್ ಚಾನೆಲ್ ಎಂಬೆರಡನ್ನು ಒಂದಾಗಿಸಿದ್ದರಿಂದ 1984ರಲ್ಲಿ ಎ ಅಂಡ್ ಇ ಹುಟ್ಟಿತು. ಬರೀ ಜಾಹೀರಾತನ್ನು ನೆಚ್ಚಿ ಕಲೆಯ ವಾಹಿನಿ ಬದುಕುವುದು ಕಷ್ಟವೆಂಬುದು ಆ ಹೊತ್ತಿಗೇ ಸ್ಪಷ್ಟವಾಗಿತ್ತು.

ಉಳಿದವನ್ನು ಬದುಕಿಸಿದ್ದು ಚಂದಾದಾರರ ತಲೆಲೆಕ್ಕದ ಶುಲ್ಕ. ಕೇಬಲ್ ಕಂಪನಿ ಪ್ರತಿ ಮನೆಗೆ ತಿಂಗಳಿಗೆ ಇಷ್ಟು ಸೆಂಟ್ ಎಂದು ವಾಹಿನಿಗೆ ಕೊಡುತ್ತಿತ್ತು. ಆ ಮನೆಯವರು ವಾಹಿನಿಯನ್ನು ನೋಡಿದರೂ ಅಷ್ಟೇ, ನೋಡದಿದ್ದರೂ ಅಷ್ಟೇ. ಎಲ್ಲ ವಾಹಿನಿಗಳೂ ಒಂದೇ ಪ್ಯಾಕೇಜಿನಲ್ಲಿ ಸೇರಿದ್ದರಿಂದ ಇದು ಸಾಧ್ಯವಾಯಿತು. 1992ರ ಕೇಬಲ್ ಕಾಯಿದೆ ಇದಕ್ಕೆ ಇನ್ನೊಂದು ತಿರುವು ಕೊಟ್ಟಿತು. ತಮ್ಮ ಸ್ಥಳೀಯ ಕೇಂದ್ರಗಳ ಮರುಪ್ರಸಾರಕ್ಕೆ ಒಪ್ಪಿಗೆ ಕೊಡುವ ಹಕ್ಕು ಟಿವಿ ಜಾಲಗಳಿಗೆ ಸಿಕ್ಕಿತು. ಕೇಬಲ್ ಕಂಪನಿಗಳು ಅದಕ್ಕೆ ನಗದು ಕೊಡಲು ಒಪ್ಪದಿದ್ದಾಗ, ನಗದಿನ ಬದಲು ಹೊಸ ವಾಹಿನಿಗಳಿಗೆ ಜಾಗ ಕೇಳುವ ರೂಢಿ ಬಂತು. ಇಎಸ್‌ಪಿಎನ್2, ಎಫ್ಎಕ್ಸ್, ಮನೆ-ತೋಟಗಳ ಎಚ್‌ಜಿಟಿವಿ ಪ್ಯಾಕೇಜಿನೊಳಗೆ ಬಂದದ್ದು ಈ ಚೌಕಾಸಿಯಿಂದಲೇ. 1990ರ ದಶಕದ ವಾಹಿನಿಗಳ ಸುಗ್ಗಿಯನ್ನು ವೀಕ್ಷಕರ ಅಭಿರುಚಿಯ ಗೆಲುವೆಂದು ವರ್ಣಿಸುವವರು ಈ ಒಪ್ಪಂದಗಳನ್ನು ಮರೆಯುತ್ತಾರೆ.

ವಿಷಯವನ್ನು ಬಿಟ್ಟುಕೊಡುವ ಚಾಳಿ ಯಾವಾಗ ಶುರುವಾಯಿತೆಂಬುದರಲ್ಲಿ ಒಮ್ಮತವಿಲ್ಲ. ಎಂಟಿವಿಯ ‘ದಿ ರಿಯಲ್ ವರ್ಲ್ಡ್’ (1992) ಮೊದಲ ಮೆಟ್ಟಿಲೆಂಬ ಮಾತು ಸಾಮಾನ್ಯ. ಆದರೆ ಅದೇ ವಾಹಿನಿ 1987ರಲ್ಲೇ ‘ರಿಮೋಟ್ ಕಂಟ್ರೋಲ್’ ಎಂಬ ರಸಪ್ರಶ್ನೆ ಆಟ ನಡೆಸಿತ್ತು. ತನ್ನ ಲಾಂಛನದಿಂದ ಸಂಗೀತದ ಹೆಸರನ್ನು ಅದು ತೆಗೆದದ್ದು 2010ರಲ್ಲಿ, ಅಂದರೆ ಬಹಳ ತಡವಾಗಿ. ಟಿಎಲ್‌ಸಿಯದು ಇನ್ನೂ ದೂರದ ಪಯಣ. 1972ರಲ್ಲಿ ನಾಸಾ ಮತ್ತು ಸರ್ಕಾರದ ಆರೋಗ್ಯ, ಶಿಕ್ಷಣ ಮತ್ತು ಕಲ್ಯಾಣ ಇಲಾಖೆಯ ಬೆಂಬಲದಿಂದ ಅಪಲೇಚಿಯನ್ ಗುಡ್ಡಗಾಡಿನ ಜನರಿಗೆ ಪಾಠ ಮುಟ್ಟಿಸಲು ಶುರುವಾದ ಸೇವೆ ಅದು. 1980ರಲ್ಲಿ ಖಾಸಗಿಯಾಗಿ ಲರ್ನಿಂಗ್ ಚಾನೆಲ್ ಎನಿಸಿಕೊಂಡಿತು, 1991ರಲ್ಲಿ ಡಿಸ್ಕವರಿಯ ಕೈಸೇರಿತು, 2012ರ ಹೊತ್ತಿಗೆ ಪುಟ್ಟ ಹುಡುಗಿಯರ ಸೌಂದರ್ಯ ಸ್ಪರ್ಧೆಯ ಸುತ್ತಲಿನ ‘ಹಿಯರ್ ಕಮ್ಸ್ ಹನಿ ಬೂ ಬೂ’ವರೆಗೆ ಬಂದು ನಿಂತಿತು. ಕಲಾಚಿತ್ರಗಳ ಬ್ರಾವೋ ವಾಹಿನಿಯನ್ನು 2002ರಲ್ಲಿ ಎನ್‌ಬಿಸಿ 125 ಕೋಟಿ ಡಾಲರಿಗೆ ಕೊಂಡಿತು; ಮರುವರ್ಷವೇ ಅದು ರಿಯಾಲಿಟಿ ಕಾರ್ಯಕ್ರಮಗಳ ಕಡೆ ಹೊರಳಿತು. ಕೋರ್ಟ್ ಟಿವಿ 2008ರ ಜನವರಿ 1ರಂದು ಟ್ರೂಟಿವಿ ಆಯಿತು. ಈ ಹೊರಳುವಿಕೆಯೆಲ್ಲ ನಷ್ಟವೇ ಎನ್ನುವಂತಿಲ್ಲ. ಜಾಹೀರಾತಿಲ್ಲದೆ ಹಳೆಯ ಸಿನಿಮಾ ತೋರಿಸುತ್ತಿದ್ದ ಎಎಂಸಿ ಆ ನೇಮವನ್ನು ಮುರಿಯದಿದ್ದರೆ ‘ಮ್ಯಾಡ್ ಮೆನ್’, ‘ಬ್ರೇಕಿಂಗ್ ಬ್ಯಾಡ್’ ಅಲ್ಲಿ ಬರುತ್ತಿರಲಿಲ್ಲ.

ಬೇಕಾದ ವಾಹಿನಿಗಷ್ಟೇ ಹಣ ಕೊಡುವ ಪದ್ಧತಿ ಬಂದರೆ ಸಣ್ಣ ವಾಹಿನಿಗಳು ಉಳಿಯುತ್ತವೆಯೇ? ಸಾರ್ವಜನಿಕ ದಾಖಲೆಗಳು ನೇರವಾಗಿ ಡಿಕ್ಕಿ ಹೊಡೆಯುವುದು ಈ ಪ್ರಶ್ನೆಯಲ್ಲಿ. ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ 2004ರ ನವೆಂಬರಿನಲ್ಲಿ ಕೊಟ್ಟ ವರದಿ, ಹಾಗೆ ಮಾಡಿದರೆ ಹೆಚ್ಚಿನ ಮನೆಗಳ ಬಿಲ್ಲು ಏರುತ್ತದೆ, ಸಣ್ಣ ವಾಹಿನಿಗಳಿಗೆ ಕುತ್ತು ಬರುತ್ತದೆ ಎಂದಿತು. ಅದೇ ಆಯೋಗದ 2006ರ ಫೆಬ್ರವರಿಯ ವರದಿ, ಹಿಂದಿನದು ನೆಚ್ಚಿಕೊಂಡಿದ್ದ ಬೂಜ್ ಅಲೆನ್ ಹ್ಯಾಮಿಲ್ಟನ್ ಅಧ್ಯಯನದ ಲೆಕ್ಕವೇ ತಪ್ಪೆಂದು ಹೇಳಿ ಉಲ್ಟಾ ತೀರ್ಮಾನಕ್ಕೆ ಬಂತು. ಆ ಅಧ್ಯಯನವನ್ನು ಮಾಡಿಸಿದ್ದು ಕೇಬಲ್ ಉದ್ಯಮದ ಸಂಘ. ಇಂದಿಗೂ ಬರಹಗಾರರು ತಮಗೆ ಬೇಕಾದ ಒಂದನ್ನೇ ಎತ್ತಿ ಹೇಳುವುದುಂಟು. ಸೆನೆಟರ್ ಜಾನ್ ಮೆಕೇನ್ 2013ರಲ್ಲಿ ಮಂಡಿಸಿದ ಮಸೂದೆ ಕಾಯಿದೆಯಾಗಲಿಲ್ಲ, ಪ್ಯಾಕೇಜ್ ಉಳಿಯಿತು.

ಆ ಹೊತ್ತಿಗೆ ವಾಹಿನಿಯ ವಿಷಯಕ್ಕಿಂತ ಪ್ಯಾಕೇಜಿನಲ್ಲಿ ಅದು ಹಿಡಿದಿದ್ದ ಜಾಗವೇ ಬೆಲೆಬಾಳುತ್ತಿತ್ತು. ಡಿಸ್ಕವರಿ ಹೆಲ್ತ್ ಇದ್ದಲ್ಲಿ 2011ರಲ್ಲಿ ಓಪ್ರಾ ವಿನ್‌ಫ್ರೆ ಅವರ ವಾಹಿನಿ ಬಂತು. 2013ರಲ್ಲಿ ಕಾರ್ ರೇಸಿನ ಸ್ಪೀಡ್ ವಾಹಿನಿ ಫಾಕ್ಸ್ ಸ್ಪೋರ್ಟ್ಸ್ 1 ಆಯಿತು, ಫಾಕ್ಸ್ ಸಾಕರ್ ಜಾಗಕ್ಕೆ ಎಫ್ಎಕ್ಸ್ಎಕ್ಸ್ ಬಂತು. ಅದೇ ವರ್ಷ ಅಲ್ ಜಜೀರಾ ಸುಮಾರು 50 ಕೋಟಿ ಡಾಲರಿಗೆ ಕರೆಂಟ್ ಟಿವಿಯನ್ನು ಕೊಂಡದ್ದು ಅದರ ಕಾರ್ಯಕ್ರಮಗಳಿಗಾಗಿ ಅಲ್ಲ, ಅದು ತಲುಪುತ್ತಿದ್ದ ಮನೆಗಳಿಗಾಗಿ. ಮಾರಾಟದ ಸುದ್ದಿ ಬಂದ ಬೆನ್ನಿಗೇ ಟೈಮ್ ವಾರ್ನರ್ ಕೇಬಲ್ ಕಂಪನಿ ಕರೆಂಟನ್ನು ಕೈಬಿಟ್ಟಿತು. ಅಲ್ ಜಜೀರಾ ಅಮೆರಿಕ 2016ರ ಏಪ್ರಿಲ್‌ನಲ್ಲಿ ಮುಗಿಯಿತು. ಹೀಗಾಗಿ ಯಾವ ವಾಹಿನಿ ‘ಮುಚ್ಚಿತು’, ಯಾವುದು ‘ಹೆಸರು ಬದಲಿಸಿತು’ ಎಂಬ ಪಟ್ಟಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.

ವಿತರಕರೇ ವಿಷಯದ ಪರ ನಿಂತ ಒಂದು ಪ್ರಸಂಗವೂ ಇದೆ. 2014ರ ಜನವರಿಯಲ್ಲಿ ಉಪಗ್ರಹ ಟಿವಿ ಕಂಪನಿ ಡೈರೆಕ್‌ಟಿವಿ ವೆದರ್ ಚಾನೆಲನ್ನು ತೆಗೆದುಹಾಕಿತು. ಹವಾಮಾನಕ್ಕಿಂತ ರಿಯಾಲಿಟಿ ಕಾರ್ಯಕ್ರಮ ಜಾಸ್ತಿಯಾಗಿದೆ ಎಂಬುದು ಅದರ ದೂರುಗಳಲ್ಲೊಂದು. ಏಪ್ರಿಲ್‌ನಲ್ಲಿ ರಾಜಿಯಾದಾಗ, ವಾರದ ದಿನಗಳಲ್ಲಿ ಅಂಥ ಕಾರ್ಯಕ್ರಮಗಳನ್ನು ಅರ್ಧಕ್ಕೆ ಇಳಿಸಲು ವಾಹಿನಿ ಒಪ್ಪಿತು. ದರದ ಚೌಕಾಸಿಗೆ ಇದೊಂದು ನೆಪವಾಗಿತ್ತೇ ಎಂಬ ಅನುಮಾನಕ್ಕೆ ಎಡೆಯಿದೆ. ಒಪ್ಪಂದದ ಷರತ್ತಂತೂ ನಿಜ.

2013 ಇನ್ನೆರಡು ಕಾರಣಗಳಿಗೆ ಗಡಿಗಲ್ಲು. ವೀಕ್ಷಣೆ ಅಳೆಯುವ ನೀಲ್ಸನ್ ಕಂಪನಿಯ ಲೆಕ್ಕದಂತೆ ಆ ವರ್ಷ ಸರಾಸರಿ ಮನೆಗೆ 189 ವಾಹಿನಿಗಳು ಬರುತ್ತಿದ್ದವು, ನೋಡುತ್ತಿದ್ದದ್ದು 17.5; 2008ರಲ್ಲಿ 129 ವಾಹಿನಿಗಳಿದ್ದಾಗಲೂ ನೋಡಿದ್ದು 17.3. ಹಣ ಕೊಟ್ಟು ಟಿವಿ ನೋಡುವ ಮನೆಗಳ ಸಂಖ್ಯೆ ಇಡೀ ವರ್ಷದ ಲೆಕ್ಕದಲ್ಲಿ ಮೊದಲ ಸಲ ಇಳಿದದ್ದೂ ಆಗಲೇ. ಮುಚ್ಚುಗಡೆಗಳು ಬಳಿಕ ಬಂದವು: 2017ರಲ್ಲೇ ಪತ್ತೇದಾರಿ ಧಾರಾವಾಹಿಗಳ ಕ್ಲೂ, ಎಸ್ಕ್ವೈರ್, ಭಯಾನಕ ಚಿತ್ರಗಳ ಚಿಲ್ಲರ್ ಹೋದವು. 2023ರ ಸೆಪ್ಟೆಂಬರಿನಲ್ಲಿ ಡಿಸ್ನಿಯೊಡನೆ ಜಗಳ ತೀರಿಸಿಕೊಂಡ ಚಾರ್ಟರ್ ಕೇಬಲ್ ಕಂಪನಿ, ಡಿಸ್ನಿ ಜೂನಿಯರ್, ನ್ಯಾಟ್ ಜಿಯೊ ವೈಲ್ಡ್ ಸೇರಿ ಎಂಟು ವಾಹಿನಿಗಳನ್ನು ಬಿಟ್ಟೇ ಒಪ್ಪಂದ ಮಾಡಿಕೊಂಡಿತು. ಇಎಸ್‌ಪಿಎನ್ ಬೇಕಾದರೆ ಉಳಿದವನ್ನೂ ಹೊರಬೇಕು ಎಂಬ ಹಳೆಯ ಕಟ್ಟಳೆ ಅಲ್ಲಿ ಬಿರುಕುಬಿಟ್ಟಿತು. 2024ರ ಆಗಸ್ಟಿನಲ್ಲಿ ವಾರ್ನರ್ ಬ್ರದರ್ಸ್ ಡಿಸ್ಕವರಿ ತನ್ನ ಟಿವಿ ವಾಹಿನಿಗಳ ಮೌಲ್ಯದಲ್ಲಿ 910 ಕೋಟಿ ಡಾಲರ್ ಕಡಿತ ತೋರಿಸಿತು; ಅದೇ ವಾರ ಪ್ಯಾರಾಮೌಂಟ್ ಸುಮಾರು 600 ಕೋಟಿ. ಅದೇ ವರ್ಷದ ನವೆಂಬರಿನಲ್ಲಿ ಕಾಮ್‌ಕಾಸ್ಟ್ ತನ್ನ ಹೆಚ್ಚಿನ ಕೇಬಲ್ ವಾಹಿನಿಗಳನ್ನು ಬೇರೆ ಕಂಪನಿಯಾಗಿ ಬೇರ್ಪಡಿಸುವುದಾಗಿ ಪ್ರಕಟಿಸಿ, ಬ್ರಾವೋವನ್ನು ಮಾತ್ರ ತನ್ನಲ್ಲೇ ಇಟ್ಟುಕೊಂಡಿತು. ಕಲೆಯನ್ನು ಬಿಟ್ಟ ಬ್ರಾವೋದ ರಿಯಾಲಿಟಿ ಕಾರ್ಯಕ್ರಮಗಳು ಆ ಕಂಪನಿಯ ಪೀಕಾಕ್ ಒಟಿಟಿಗೆ ಬೇಕಾಗಿದ್ದವು.

ಇತ್ತೀಚಿನ ಗೊಂದಲ ಎಂಟಿವಿಯದು. 2025ರ ಕೊನೆಗೆ ‘ಎಂಟಿವಿ ಮುಚ್ಚಿತು’ ಎಂಬ ಸುದ್ದಿ ಜಗತ್ತಿನೆಲ್ಲೆಡೆ ಹಬ್ಬಿತು. ನಿಂತದ್ದು ಬ್ರಿಟನ್ ಮೊದಲಾದ ದೇಶಗಳಲ್ಲಿನ ಅದರ ಸಂಗೀತದ ಉಪವಾಹಿನಿಗಳು. ಅಮೆರಿಕದ ಮೂಲ ವಾಹಿನಿಯಲ್ಲ.

ಭಾರತದಲ್ಲಿ: ಅಮೆರಿಕ ಬರೀ ಚರ್ಚಿಸಿದ ಬಿಡಿ ವಾಹಿನಿಯ ಆಯ್ಕೆ ಇಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದ ಮೂಲಕ 2019ರ ಫೆಬ್ರವರಿಯಿಂದ ಜಾರಿಗೆ ಬಂತು. ಚಾನೆಲ್ ವಿ ಅದಕ್ಕೂ ಮೊದಲೇ, 2018ರಲ್ಲಿ ನಿಂತಿತ್ತು. ಎಎಕ್ಸ್ಎನ್ 2020ರ ಜೂನ್ ಕೊನೆಗೆ, ಎಚ್‌ಬಿಒ ಅದೇ ವರ್ಷದ ಡಿಸೆಂಬರಿನಲ್ಲಿ ಭಾರತದ ಕೇಬಲ್ ಮತ್ತು ಡಿಟಿಎಚ್‌ನಿಂದ ಹೊರಬಿದ್ದವು. ನಿಯಮ, ಕೋವಿಡ್, ಒಟಿಟಿ ಮೂರೂ ಒಂದೇ ಹೊತ್ತಿಗೆ ಎರಗಿದ್ದರಿಂದ ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳುವಂತಿಲ್ಲ; ಬಿಡಿಯಾಗಿ ಆಯ್ದುಕೊಳ್ಳುವ ಹಕ್ಕಿದ್ದರೂ ಬಹಳಷ್ಟು ಮನೆಗಳು ಕಂಪನಿ ಕಟ್ಟಿಕೊಟ್ಟ ಪ್ಯಾಕೇಜನ್ನೇ ಮುಂದುವರಿಸಿದವು.