ಮಾಡಿನ ಮೇಲಿನ ಆಂಟೆನಾದ ಕಥೆ



1980ರ ದಶಕದಲ್ಲಿ ನಮ್ಮ ಮನೆಗಳ ಮಾಡಿನ ಮೇಲೆ ನಿಂತಿರುತ್ತಿದ್ದ ದೂರದರ್ಶನದ ಆಂಟೆನಾವನ್ನು ನಿಮ್ಮಲ್ಲಿ ಅನೇಕರು ನೋಡಿರಲಿಕ್ಕಿಲ್ಲ. ಮೀನಿನ ಮುಳ್ಳಿನಂತೆ ಸಾಲಾಗಿ ಜೋಡಿಸಿದ ಅಲ್ಯೂಮಿನಿಯಂ ಕೊಳವೆಗಳವು. ಗಾಳಿಗೆ ತಿರುಗಿತೆಂದರೆ ಒಬ್ಬರು ಮೇಲೆ ಹತ್ತಿ ಸರಿಪಡಿಸಬೇಕು, ಇನ್ನೊಬ್ಬರು ಕೆಳಗಿನಿಂದ "ಬಂತು, ಬಂತು... ಹೋಯ್ತು!" ಎಂದು ಕೂಗಬೇಕು. ಕೇಬಲ್ ಮತ್ತು ಡಿಶ್ ಬಂದ ಮೇಲೆ ಅವು ಗುಜರಿ ಸೇರಿದವು. ಆದರೆ ಅಮೆರಿಕ, ಜಪಾನ್‌ಗಳಲ್ಲಿ ಇಂದಿಗೂ ಎಷ್ಟೋ ಮನೆಯವರು ಹೈ ಡೆಫಿನಿಷನ್ ಚಿತ್ರವನ್ನು ಇದೇ ಬಗೆಯ ಕಡ್ಡಿಗಳಿಂದ ಪಡೆಯುತ್ತಾರೆ ಎಂದರೆ ನಂಬುವಿರಾ?

ಈ ಆಂಟೆನಾ ಹುಟ್ಟಿದ್ದು ಜಪಾನಿನ ಸೆಂಡಾಯ್ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ. ಪ್ರೊಫೆಸರ್ ಹಿಡೆತ್ಸುಗು ಯಾಗಿ ಅವರ ಕೈಕೆಳಗಿದ್ದ ಶಿಂತಾರೊ ಉಡಾ ಪ್ರಯೋಗಗಳ ಹೆಚ್ಚಿನ ಭಾಗವನ್ನು ನಡೆಸಿದರು. ಅಲೆಯನ್ನು ಹಿಡಿಯುವ ಕಡ್ಡಿ ಒಂದೇ. ಅದರ ಹಿಂದೆ ತುಸು ಉದ್ದದ ಕಡ್ಡಿ ಇಟ್ಟರೆ ಅದು ಕನ್ನಡಿಯಂತೆ ಅಲೆಯನ್ನು ಮುಂದಕ್ಕೆ ಮರಳಿಸುತ್ತದೆ, ಮುಂದೆ ಗಿಡ್ಡ ಕಡ್ಡಿಗಳನ್ನಿಟ್ಟರೆ ಅವು ಅಲೆಯನ್ನು ದಾರಿ ತೋರಿಸಿ ಕರೆತರುತ್ತವೆ. ಈ ಕಡ್ಡಿಗಳಿಗೆ ತಂತಿಯ ಸಂಪರ್ಕವೇ ಬೇಡ! 1926ರಲ್ಲಿ ಇಬ್ಬರೂ ಸೇರಿ ಇದನ್ನು ಪ್ರಕಟಿಸಿದರು. ಆದರೆ ಪೇಟೆಂಟ್ ಆದದ್ದು ಯಾಗಿಯವರೊಬ್ಬರ ಹೆಸರಿನಲ್ಲಿ. 1928ರ ತಮ್ಮ ಇಂಗ್ಲಿಷ್ ಲೇಖನದಲ್ಲಿ ಯಾಗಿ ಶಿಷ್ಯನ ಕೆಲಸವನ್ನು ಮರೆಯದೆ ಹೇಳಿದರೂ ಜಗತ್ತು ಹಿಡಿದುಕೊಂಡದ್ದು ಒಂದೇ ಹೆಸರನ್ನು.

ಸ್ವದೇಶದಲ್ಲಿ ಅದಕ್ಕೂ ಬೆಲೆ ಸಿಗಲಿಲ್ಲ. 1942ರಲ್ಲಿ ಸಿಂಗಾಪುರವನ್ನು ಗೆದ್ದ ಜಪಾನೀಯರಿಗೆ ಬ್ರಿಟಿಷರ ರಾಡಾರ್ ಟಿಪ್ಪಣಿಯೊಂದು ಸಿಕ್ಕಿತು. ಅದರಲ್ಲಿ ಮತ್ತೆ ಮತ್ತೆ ಬರುತ್ತಿದ್ದ 'ಯಾಗಿ' ಎಂಬ ಪದದ ಅರ್ಥವೇ ಅವರಿಗೆ ಹೊಳೆಯಲಿಲ್ಲ. ಕೊನೆಗೆ ಸೆರೆಸಿಕ್ಕ ಬ್ರಿಟಿಷ್ ಸೈನಿಕನೇ, "ಅದು ನಿಮ್ಮ ದೇಶದ ಪ್ರೊಫೆಸರರ ಹೆಸರು" ಎಂದು ತಿಳಿಸಿದನಂತೆ.

ಉಡಾ ಅವರಿಗೆ ನಮ್ಮ ದೇಶದ ನಂಟೂ ಇದೆ. 1950ರ ದಶಕದಲ್ಲಿ ಅವರು ಯುನೆಸ್ಕೋ ಕಳುಹಿಸಿದ ತಜ್ಞರಾಗಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದ್ದರು. ಅದೇ ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ದೂರದರ್ಶನದ ಪ್ರಸಾರ ಆರಂಭವಾಯಿತು.

ಇನ್ನು ಹೈ ಡೆಫಿನಿಷನ್ ವಿಷಯ. 2009ರ ಜೂನ್ 12ರಂದು ಅಮೆರಿಕದ ದೊಡ್ಡ ಕೇಂದ್ರಗಳೆಲ್ಲ ಹಳೆಯ ಅನಲಾಗ್ ಪ್ರಸಾರ ನಿಲ್ಲಿಸಿ ಡಿಜಿಟಲ್‌ಗೆ ಬದಲಾದವು. ಹಳೆಯ ಟಿವಿ ಇದ್ದವರಿಗೆ ಪರಿವರ್ತಕ ಪೆಟ್ಟಿಗೆ ಕೊಳ್ಳಲು ಸರಕಾರ 40 ಡಾಲರಿನ ಕೂಪನ್ ಕೊಟ್ಟಿತು. ಬದಲಾಗಬೇಕಾದದ್ದು ಆ ಪೆಟ್ಟಿಗೆ ಮಾತ್ರ, ಸರಿಯಾದ ಅಲೆಪಟ್ಟಿಯ ಆಂಟೆನಾ ಹಾಗೆಯೇ ಸಾಕಿತ್ತು. ಅಂಗಡಿಯವರು 'ಎಚ್‌ಡಿ ಆಂಟೆನಾ' ಎಂದು ಮಾರುತ್ತಾರೆ ನಿಜ. ಆದರೆ ಅಲೆ ಹೊತ್ತು ತರುವುದು ಅನಲಾಗೋ ಡಿಜಿಟಲ್ಲೋ ಎಂಬುದು ಅಲ್ಯೂಮಿನಿಯಂ ಕಡ್ಡಿಗೆ ಹೇಗೆ ಗೊತ್ತಾಗಬೇಕು? ವ್ಯತ್ಯಾಸ ಕಾಣುವುದು ಪರದೆಯ ಮೇಲೆ: ಅನಲಾಗ್‌ನಲ್ಲಿ ಅಲೆ ಕ್ಷೀಣಿಸಿದಂತೆ ಚುಕ್ಕೆಗಳು ಹೆಚ್ಚುತ್ತಿದ್ದವು, ಡಿಜಿಟಲ್‌ನಲ್ಲಿ ಒಂದು ಮಿತಿಯವರೆಗೆ ಚಿತ್ರ ಸ್ವಚ್ಛ, ಅದರ ಕೆಳಗಿಳಿದರೆ ಒಡೆದು ಚೂರಾಗಿ ಮಾಯ.

ಜಪಾನಿನ ಹೆಚ್ಚಿನ ಭಾಗಗಳಲ್ಲಿ ಅನಲಾಗ್ ಪ್ರಸಾರ 2011ರ ಜುಲೈ 24ರಂದು ನಿಂತಿತು. ಆ ವರ್ಷದ ಮಾರ್ಚ್ ತಿಂಗಳ ಭೂಕಂಪ, ಸುನಾಮಿಗಳಿಂದ ನಲುಗಿದ ಮೂರು ಪ್ರಾಂತ್ಯಗಳಿಗೆ ಮಾತ್ರ 2012ರ ಮಾರ್ಚ್ 31ರವರೆಗೆ ಸಮಯ ಕೊಡಲಾಯಿತು. ಅವುಗಳಲ್ಲಿ ಒಂದಾದ ಮಿಯಾಗಿಯ ರಾಜಧಾನಿಯೇ ಸೆಂಡಾಯ್.