ವಿಜ್ಞಾನದ ಗದ್ಯಭಾಗ: ತಾರ್ಕಿಕ ಅನುಮಾನ ಎಲ್ಲಿ ಎಡವುತ್ತದೆ?

ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಯಲ್ಲಿ ಕೇಂದ್ರ ಲೋಕಸೇವಾ ಆಯೋಗವು 2011ರಲ್ಲಿ ಜಾರಿಗೆ ತಂದ ಎರಡನೇ ಪತ್ರಿಕೆ ‘ಸಿ-ಸ್ಯಾಟ್’ ಎಂದೇ ಪರಿಚಿತ. 2 ಗಂಟೆ, 80 ಪ್ರಶ್ನೆ, 200 ಅಂಕ. 2015ರಿಂದ ಇದು ಅರ್ಹತಾ ಪತ್ರಿಕೆಯಾಗಿದ್ದು, ಶೇ 33ರಷ್ಟು ಅಂಕ ಪಡೆದರೆ ಸಾಕು. ಪಡೆಯದಿದ್ದರೆ ಮೊದಲ ಪತ್ರಿಕೆಯ ಸಾಧನೆ ಎಷ್ಟಿದ್ದರೂ ವ್ಯರ್ಥ. ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುವುದರಿಂದ ಕನ್ನಡ ಮಾಧ್ಯಮದ ಅಭ್ಯರ್ಥಿಗಳಿಗೆ ಗದ್ಯಭಾಗಗಳ ಹೊರೆ ಸಹಜವಾಗಿಯೇ ಹೆಚ್ಚು. ತಪ್ಪು ಉತ್ತರಕ್ಕೆ ಮೂರನೇ ಒಂದರಷ್ಟು ಅಂಕವೂ ಕಡಿತವಾಗುತ್ತದೆ.

‘ಗದ್ಯಭಾಗದಿಂದ ಹೊರಡುವ ಅತ್ಯಂತ ತಾರ್ಕಿಕ ಅನುಮಾನ ಯಾವುದು?’ ಎಂಬ ಪ್ರಶ್ನೆಯಲ್ಲಿ, ವಿಜ್ಞಾನ ಓದಿದವರೇ ವಿಜ್ಞಾನದ ಗದ್ಯಭಾಗದಲ್ಲಿ ಎಡವುವುದುಂಟು. ಅವರಿಗೆ ವಿಷಯ ಮೊದಲೇ ಗೊತ್ತಿರುವುದೇ ಇದಕ್ಕೆ ಕಾರಣ.

ಈ ಮಾದರಿಯನ್ನು ಗಮನಿಸಿ: ‘ಜಠರದ ಹುಣ್ಣಿನ ಅನೇಕ ರೋಗಿಗಳಲ್ಲಿ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಕಂಡುಬರುತ್ತದೆ. ಆದರೆ ಈ ಬ್ಯಾಕ್ಟೀರಿಯಾ ಇರುವವರಲ್ಲಿ ಹೆಚ್ಚಿನವರಿಗೆ ಹುಣ್ಣಾಗುವುದಿಲ್ಲ. ಔಷಧದಿಂದ ಅದನ್ನು ನಿರ್ಮೂಲಗೊಳಿಸಿದ ರೋಗಿಗಳಲ್ಲಿ ಹುಣ್ಣು ಮರುಕಳಿಸುವುದು ಬಹಳ ಕಡಿಮೆ.’

‘ಬ್ಯಾಕ್ಟೀರಿಯಾ ಇದ್ದವರಿಗೆ ಹುಣ್ಣು ಖಚಿತ’ ಎಂಬ ಆಯ್ಕೆಯನ್ನು ಎರಡನೇ ವಾಕ್ಯವೇ ತಳ್ಳಿಹಾಕುತ್ತದೆ. ‘ಕೆಲವು ನೋವು ನಿವಾರಕಗಳಿಂದಲೂ ಹುಣ್ಣಾಗುತ್ತದೆ’ ಎಂಬುದು ವೈದ್ಯಶಾಸ್ತ್ರದ ಪ್ರಕಾರ ನಿಜ. ಆದರೆ ಗದ್ಯಭಾಗದಲ್ಲಿ ಅದರ ಸುಳಿವೇ ಇಲ್ಲ. ಆದ್ದರಿಂದ ಅದು ಉತ್ತರವಲ್ಲ, ಬಲೆ. ‘ಹುಣ್ಣಿನಲ್ಲಿ ಬ್ಯಾಕ್ಟೀರಿಯಾದ ಪಾತ್ರವಿದೆ, ಆದರೆ ಅದೊಂದೇ ಸಾಲದು’ ಎಂಬುದೇ ಸರಿ. ಪಾತ್ರಕ್ಕೆ ಮೂರನೇ ವಾಕ್ಯ ಆಧಾರ, ‘ಸಾಲದು’ ಎಂಬುದಕ್ಕೆ ಎರಡನೆಯದು.

ಈ ಬ್ಯಾಕ್ಟೀರಿಯಾದ ಚರಿತ್ರೆಯೇ ಒಂದು ಪಾಠ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಇದರ ದ್ರಾವಣವನ್ನು ತಾವೇ ಕುಡಿದರು. ರಾಬಿನ್ ವಾರನ್ ಅವರೊಂದಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಅವರಿಗೆ ಹುಣ್ಣಾಯಿತೆಂದು ಹಲವರು ಹೇಳುವುದುಂಟು. ವಾಸ್ತವವಾಗಿ ಆದದ್ದು ಜಠರದ ಉರಿಯೂತ. ಆ ಪ್ರಯೋಗವೊಂದರಿಂದಲೇ ಹುಣ್ಣಿನ ಕಾರಣ ಸಿದ್ಧವಾಯಿತೆನ್ನುವುದು ಆಧಾರವನ್ನು ಮೀರಿದ ಮಾತು.

ಆಡುಮಾತಿನಲ್ಲಿ ಅನುಮಾನವೆಂದರೆ ಸಂಶಯ. ನ್ಯಾಯದರ್ಶನದಲ್ಲಿ ಅದು ಜ್ಞಾನದ ಸಾಧನ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಆದರೆ ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು ಎಂಬುದಕ್ಕೆ ನಮ್ಮ ತಾರ್ಕಿಕರು ಕೊಡುತ್ತಿದ್ದ ದೃಷ್ಟಾಂತ, ಕಾದ ಕಬ್ಬಿಣದ ಗುಂಡು. ಮೊದಲ ಆಯ್ಕೆಯ ದೋಷ ಇದೇ ಜಾತಿಯದು.

‘ಎಲ್ಲ’, ‘ಮಾತ್ರ’, ‘ಎಂದಿಗೂ’ ಎಂಬ ಪದಗಳಿರುವ ಆಯ್ಕೆಗಳನ್ನು ಕಣ್ಣು ಮುಚ್ಚಿ ಕೈಬಿಡುವಂತೆ ಸಲಹೆ ನೀಡುವವರಿದ್ದಾರೆ. ಇದು ಅರೆಸತ್ಯ. ಗದ್ಯಭಾಗವೇ ‘ಮಾತ್ರ’ ಎಂದಿದ್ದರೆ ಆ ಆಯ್ಕೆಯೇ ಸರಿಯಾಗಬಹುದು. ಲೇಖಕ ಹೇಳದೆಯೇ ಒಪ್ಪಿಕೊಂಡಿರುವ ಪೂರ್ವಗ್ರಹಿಕೆಯನ್ನು ಕೇಳುವ ಪ್ರಶ್ನೆಗಳು ಬೇರೆ. ಅವುಗಳನ್ನು ಅನುಮಾನದ ಪ್ರಶ್ನೆಗಳೊಂದಿಗೆ ಬೆರೆಸಬಾರದು.

ಅಭ್ಯಾಸಕ್ಕೆ ಆಯೋಗದ ಹಿಂದಿನ ಪ್ರಶ್ನೆಪತ್ರಿಕೆಗಳೇ ಉತ್ತಮ. ಆಯ್ಕೆಗಳನ್ನು ನೋಡುವ ಮೊದಲು ಗದ್ಯಭಾಗದ ಸಾರವನ್ನು ಎರಡು ಸಾಲು ಕನ್ನಡದಲ್ಲಿ ಬರೆದುಕೊಂಡು, ಆರಿಸಿದ ಉತ್ತರಕ್ಕೆ ಆಧಾರವಾದ ವಾಕ್ಯದ ಕೆಳಗೆ ಗೆರೆ ಎಳೆಯಬೇಕು.